ಮುಖಕ್ಕೊಪ್ಪುವ ಜಾಗ: ಮೈಸೂರಿನಲ್ಲಿ ಹೊರಾಂಗಣ ಭಾವಚಿತ್ರ

ಹೊರಾಂಗಣ ಭಾವಚಿತ್ರದಲ್ಲಿ ಜಾಗ ಮಾಡುವ ಕೆಲಸ ಮೂರು. ಮುಖದ ಮೇಲೆ ಬೀಳುವ ಬೆಳಕನ್ನು ಹದಗೊಳಿಸುವುದು, ಮುಖದ ಹಿಂದೆ ಗೊಂದಲವಿಲ್ಲದ ಹಿನ್ನೆಲೆ ಒದಗಿಸುವುದು, ಚಿತ್ರದಲ್ಲಿರುವವರು ಯಾರು, ಎಲ್ಲಿಯವರು ಎಂಬುದನ್ನು ಸದ್ದಿಲ್ಲದೆ ಹೇಳುವುದು. ಮೈಸೂರಿನಂಥ ಊರಿನಲ್ಲಿ ಈ ಮೂರನೆಯ ಕೆಲಸ ಬಲು ಸುಲಭವಾಗಿ ಆಗಿಬಿಡುತ್ತದೆ. ಅರಮನೆಯ ಗುಮ್ಮಟ ಒಂದು ಮೂಲೆಯಲ್ಲಿ ಕಂಡರೂ ಸಾಕು, ಊರು ಯಾವುದೆಂದು ಯಾರಿಗೂ ಹೇಳಬೇಕಿಲ್ಲ. ಆ ಸುಲಭಕ್ಕೆ ಮರುಳಾಗಿ ಮೊದಲೆರಡನ್ನು ಮರೆಯುವುದರಿಂದಲೇ ಇಲ್ಲಿ ತೆಗೆದ ಎಷ್ಟೋ ಪ್ರೀ-ವೆಡ್ಡಿಂಗ್ ಚಿತ್ರಗಳಲ್ಲಿ, ಪದವಿ ಪಡೆದ ದಿನದ ಚಿತ್ರಗಳಲ್ಲಿ ಕಟ್ಟಡ ಚೆನ್ನಾಗಿ ಬಂದಿರುತ್ತದೆ, ಮನುಷ್ಯರು ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. ಭಾವಚಿತ್ರ ಕಟ್ಟಡದ ಚಿತ್ರವಲ್ಲ. ಜಾಗದ ಆಯ್ಕೆ ಬೆಳಕಿನಿಂದ ಶುರುವಾಗಬೇಕು, ಹೆಸರುವಾಸಿಯಾದ ಕಟ್ಟಡ ಕೊನೆಗೆ ಬರಬೇಕು.

ಮೈಸೂರು ಈ ಕೆಲಸಕ್ಕೆ ಒಗ್ಗುವ ಊರಾಗಿರುವುದಕ್ಕೆ ಅರಮನೆಯೊಂದೇ ಕಾರಣವಲ್ಲ. 1890ರ ದಶಕದ ಕೊನೆಯಲ್ಲಿ ಪ್ಲೇಗ್ ಬಂದು ಹಳೆಯ ಕೋಟೆಯೊಳಗಿನ ಇಕ್ಕಟ್ಟಾದ ಬೀದಿಗಳ ಅಪಾಯ ಕಣ್ಣಿಗೆ ಕಟ್ಟಿದ ಮೇಲೆ, 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಮಂಡಳಿ ಹುಟ್ಟಿತು. ಅಗಲವಾದ ರಸ್ತೆಗಳು, ವೃತ್ತಗಳು, ಸಾಲುಮರಗಳು, ಅಂಗಳ ಬಿಟ್ಟು ಹಿಂದಕ್ಕೆ ಕಟ್ಟಿದ ಮನೆಗಳು ಆ ಯೋಜನೆಯ ಫಲ. ಗಾಳಿ ಬೆಳಕು ಆಡಲಿ ಎಂದು ಬಿಟ್ಟ ಆ ಅಗಲ ಇಂದು ಛಾಯಾಗ್ರಾಹಕರಿಗೆ ವರವಾಗಿದೆ. ರಸ್ತೆ ಅಗಲವಾದಷ್ಟೂ ತಲೆಯ ಮೇಲೆ ಆಕಾಶದ ತುಂಡು ದೊಡ್ಡದಾಗುತ್ತದೆ. ಆಕಾಶ ದೊಡ್ಡದಾದಷ್ಟೂ ನೆರಳಿನಲ್ಲಿ ನಿಂತವರ ಮುಖಕ್ಕೆ ಮೆತ್ತನೆಯ ಬೆಳಕು ಸಿಗುತ್ತದೆ. ಇದರ ಜೊತೆಗೆ 1916ರ ಜುಲೈ 27ರಂದು ಸ್ಥಾಪನೆಯಾದ ವಿಶ್ವವಿದ್ಯಾನಿಲಯ ಊರಿನ ಪಶ್ಚಿಮ ಭಾಗಕ್ಕೆ ತನ್ನದೇ ಮುಖ ಕೊಟ್ಟಿತು. ಕಾಲೇಜುಗಳು, ಕೆರೆ, ಬಯಲು, ಗ್ರಂಥಾಲಯ, ಮರದಡಿಯ ಕಲ್ಲುಬೆಂಚು ಎಲ್ಲವೂ ನಡೆದು ಮುಟ್ಟುವ ದೂರದಲ್ಲಿವೆ.

ಬೆಳಕಿನ ಲೆಕ್ಕವನ್ನು ಮೊದಲು ನೋಡಬೇಕು. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ನೆಟ್ಟಗೆ ಮೇಲೇರಿ ನೆಟ್ಟಗೆ ಇಳಿಯುತ್ತಾನೆ. ಛಾಯಾಗ್ರಹಣದ ಇಂಗ್ಲಿಷ್ ಪುಸ್ತಕಗಳು ಹೊಗಳುವ ‘ಗೋಲ್ಡನ್ ಅವರ್’ ಯುರೋಪಿನ ಬೇಸಿಗೆಯಲ್ಲಿ ನಿಜಕ್ಕೂ ಗಂಟೆಯ ಹತ್ತಿರ ಇರುತ್ತದೆ. ಮೈಸೂರಿನಲ್ಲಿ ದಿಗಂತ ಬಿಟ್ಟ ಸೂರ್ಯ ಆರು ಡಿಗ್ರಿ ಏರುವುದಕ್ಕೆ ಅರ್ಧ ಗಂಟೆಯೂ ಬೇಡ. ಹೊಂಬಿಸಿಲು ಎಂದು ಕರೆಯಬಹುದಾದ ಬೆಳಕು ಅಷ್ಟು ಹೊತ್ತು ಮಾತ್ರ. ಸಂಜೆ ಸೂರ್ಯ ಮುಳುಗಿದ ಮೇಲೆ ಉಳಿಯುವ ನಸುಬೆಳಕೂ ಇಪ್ಪತ್ತು ನಿಮಿಷ ದಾಟಿದರೆ ಹೆಚ್ಚು. ಒಂದೇ ಸಂಜೆಗೆ ಅರಮನೆ, ಬೆಟ್ಟ, ಕೆರೆ ಮೂರನ್ನೂ ಸೇರಿಸುವ ಯೋಜನೆಗಳು ಕೆಡುವುದು ಇದೇ ಕಾರಣಕ್ಕೆ. ಒಳ್ಳೆಯ ಬೆಳಕೆಲ್ಲ ಸಿಗ್ನಲ್‌ಗಳಲ್ಲಿ ಕಳೆದುಹೋಗುತ್ತದೆ. ಒಂದು ಹೊಂಬಿಸಿಲಿಗೆ ಒಂದೇ ಜಾಗ ಎಂಬುದು ಇಲ್ಲಿ ಪಾಲಿಸಬೇಕಾದ ನಿಯಮ.

ಗಡಿಯಾರದ ಸಮಯವೂ ತಿಂಗಳಿಂದ ತಿಂಗಳಿಗೆ ಸರಿಯುತ್ತದೆ. ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವಾಗ ಆರೂಮುಕ್ಕಾಲು ಆಗಿರುತ್ತದೆ, ಜೂನ್ ಮೊದಲಿಗೆ ಆರಕ್ಕೂ ಮೊದಲೇ ಬೆಳಗಾಗುತ್ತದೆ. ನವೆಂಬರ್ ಕೊನೆಯಲ್ಲಿ ಸಂಜೆ ಆರಕ್ಕೆ ಮೊದಲೇ ಮುಳುಗುವ ಸೂರ್ಯ ಜುಲೈ ಮೊದಲ ವಾರದಲ್ಲಿ ಏಳಕ್ಕೆ ಐದಾರು ನಿಮಿಷ ಇರುವವರೆಗೂ ನಿಲ್ಲುತ್ತಾನೆ. ಏಪ್ರಿಲ್ ನಾಲ್ಕನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣುಗಳನ್ನು ಕಪ್ಪು ಗುಳಿಗಳಂತೆ ತೋರಿಸುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಇನ್ನೊಂದು ಸಂಗತಿ ಅನುಭವಿಗಳಿಗೂ ಕೆಲವೊಮ್ಮೆ ಹೊಳೆಯುವುದಿಲ್ಲ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ಇಡೀ ದಿನ ನೆರಳಿರುವ ಉತ್ತರ ದಿಕ್ಕಿನ ಜಗಲಿಗೆ ಜೂನ್‌ನಲ್ಲಿ ಬಿಸಿಲು ಬರುತ್ತದೆ. ಚಳಿಗಾಲದಲ್ಲಿ ಹೋಗಿ ಇಷ್ಟಪಟ್ಟು ಬಂದ ಜಾಗ ಮಳೆಗಾಲದ ಹೊತ್ತಿಗೆ ಬೇರೆಯೇ ಜಾಗವಾಗಿರಬಹುದು.

ಬಿಸಿಲಿಗಿಂತ ನೆರಳು ಭಾವಚಿತ್ರಕ್ಕೆ ಹತ್ತಿರದ ಬಂಧು. ಆದರೆ ಎಲ್ಲ ನೆರಳೂ ಒಂದೇ ಅಲ್ಲ. ಮರದ ಎಲೆಗಳ ನಡುವೆ ತೂರಿ ಬರುವ ಚುಕ್ಕೆ ಬಿಸಿಲು ಮುಖವನ್ನು ತೂತುತೂತು ಮಾಡುತ್ತದೆ. ಕಣ್ಣಿಗೆ ಅದು ಚೆಂದ, ಕ್ಯಾಮೆರಾಕ್ಕೆ ಅಲ್ಲ. ದಟ್ಟ ಮರದ ಬುಡದಲ್ಲಿ, ಹುಲ್ಲಿನ ಮೇಲೆ ನಿಂತರೆ ಸುತ್ತಲ ಹಸಿರು ಚರ್ಮಕ್ಕೆ ಅಂಟಿ ಗಲ್ಲದ ಕೆಳಗೆ ಹಸಿರು ಛಾಯೆ ಬರುತ್ತದೆ. ಬೇಕಾದುದು ಅಂಚಿನ ನೆರಳು. ತಲೆಯ ಮೇಲೆ ಮಾಡು ಅಥವಾ ದಟ್ಟ ಕೊಂಬೆ ಇರಬೇಕು, ಎದುರಿಗೆ ಬಯಲು ಆಕಾಶ ಇರಬೇಕು. ಚಿತ್ರದಲ್ಲಿರುವವರು ನೆರಳಿನ ಅಂಚಿಗೆ ಒಂದೆರಡು ಅಡಿ ಒಳಗೆ, ಬೆಳಕಿನತ್ತ ಮುಖ ಮಾಡಿ ನಿಂತರೆ ಕಣ್ಣಿನಲ್ಲಿ ಆಕಾಶದ ಹೊಳಪು ಕಾಣುತ್ತದೆ, ಚರ್ಮ ಮೃದುವಾಗಿ ಬರುತ್ತದೆ. ಮೈಸೂರಿನ ಹಳೆಯ ಸರ್ಕಾರಿ ಕಟ್ಟಡಗಳ ಕಂಬಸಾಲಿನ ಪಡಸಾಲೆಗಳು ಇಂಥ ನೆರಳಿಗಾಗಿಯೇ ಕಟ್ಟಿದಂತಿವೆ. ಹೊರಗಿನ ನೆಲದಿಂದ, ತಿಳಿಹಳದಿ ಸುಣ್ಣದ ಗೋಡೆಯಿಂದ ಪುಟಿದು ಬರುವ ಬೆಳಕು ಮುಖಕ್ಕೆ ಬೆಚ್ಚನೆಯ ಬಣ್ಣ ಕೊಡುತ್ತದೆ. ಅದು ಸಾಲದಿದ್ದರೆ ಅಂಗಡಿಯಲ್ಲಿ ಸಿಗುವ ಬಿಳಿ ಥರ್ಮೊಕೋಲ್ ಹಾಳೆಯೊಂದನ್ನು ಎದೆಯ ಮಟ್ಟದಲ್ಲಿ ಹಿಡಿದರೆ ದುಬಾರಿ ರಿಫ್ಲೆಕ್ಟರ್ ಮಾಡುವ ಕೆಲಸವನ್ನೇ ಮಾಡುತ್ತದೆ.

ವಿಶ್ವವಿದ್ಯಾನಿಲಯದ ಪ್ರದೇಶ ಈ ದೃಷ್ಟಿಯಿಂದ ಊರಿನಲ್ಲೇ ಶ್ರೀಮಂತ. ಮಹಾರಾಜ ಕಾಲೇಜು ವಿಶ್ವವಿದ್ಯಾನಿಲಯಕ್ಕಿಂತ ಹಳೆಯದು. 1833ರಲ್ಲಿ ಶಾಲೆಯಾಗಿ ಆರಂಭವಾದ ಸಂಸ್ಥೆ ಅದು. ಕುವೆಂಪು ಇಲ್ಲಿ ವಿದ್ಯಾರ್ಥಿಯಾಗಿದ್ದರು, ಅಧ್ಯಾಪಕರಾಗಿದ್ದರು, ಪ್ರಾಂಶುಪಾಲರೂ ಆದರು. ಆರ್.ಕೆ. ನಾರಾಯಣ್ ಪದವಿ ಪಡೆದದ್ದೂ ಇಲ್ಲಿಯೇ. ಅದರ ಎದುರಿನ ಕೃಷ್ಣರಾಜ ಬುಲೆವಾರ್ಡ್‌ನ ಮರಗಳ ಸಾಲು ದೂರಕ್ಕೆ ಹೋಗುತ್ತ ಕಿರಿದಾಗುವುದರಿಂದ ನಿಂತವರ ಹಿಂದೆ ತಾನಾಗಿಯೇ ಆಳ ಮೂಡುತ್ತದೆ. ಇಂಥ ದಾರಿಯಲ್ಲಿ ವ್ಯಕ್ತಿಯನ್ನು ಹಿನ್ನೆಲೆಯಿಂದ ಸಾಕಷ್ಟು ಮುಂದೆ ನಿಲ್ಲಿಸಿ, 85 ಮಿ.ಮೀ. ಲೆನ್ಸಿನಿಂದ ಎರಡು ಮೂರು ಮೀಟರ್ ದೂರದಲ್ಲಿ ತೆಗೆದರೆ ಹಿಂದಿನ ಮರಗಳೂ ವಾಹನಗಳೂ ಮಬ್ಬಾಗಿ ಕರಗುತ್ತವೆ. ಮೊಬೈಲ್ ಫೋನಿನಲ್ಲಿ ತೆಗೆಯುವವರು ಎರಡು ಪಟ್ಟು ಝೂಮ್ ಬಳಸಿ ಹಿಂದೆ ಸರಿದು ನಿಲ್ಲುವುದು ಮೇಲು. ಹತ್ತಿರ ಹೋಗಿ ಅಗಲ ಲೆನ್ಸಿನಲ್ಲಿ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಚಿಕ್ಕದಾಗಿ ಬರುತ್ತವೆ.

ಇದೇ ಬುಲೆವಾರ್ಡ್‌ನಲ್ಲಿರುವ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಕಟ್ಟಡ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ನೆನಪಿಗೆ 1887ರಲ್ಲಿ ಆರಂಭವಾಗಿ 1891ರಲ್ಲಿ ಮುಗಿಯಿತು. ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದ್ದು ಈ ಸಂಸ್ಥೆಯ ಸಂಗ್ರಹದಲ್ಲಿ, 1905ರಲ್ಲಿ. ಸಂಸ್ಕೃತವನ್ನೋ ಇತಿಹಾಸವನ್ನೋ ಓದಿದ ವಿದ್ಯಾರ್ಥಿಯ ಚಿತ್ರಕ್ಕೆ ಈ ಕಟ್ಟಡದ ಮುಂದಿನ ಒಂದು ಕಂಬ ಸಾಕು, ಪೂರ್ತಿ ಕಟ್ಟಡ ಬೇಕಿಲ್ಲ. ಜಾಗಕ್ಕೂ ಮನುಷ್ಯರಿಗೂ ಇರುವ ಸಂಬಂಧ ಚಿತ್ರಕ್ಕೆ ತೂಕ ಕೊಡುವ ಬಗೆ ಇದು. ಪದವಿ ಚಿತ್ರಗಳನ್ನು ಎಲ್ಲರೂ ಘಟಿಕೋತ್ಸವ ನಡೆಯುವ ಕ್ರಾಫರ್ಡ್ ಭವನದ ಮುಂದೆಯೇ, ಆ ದಿನವೇ ತೆಗೆಸಿಕೊಳ್ಳಲು ಹೊರಡುತ್ತಾರೆ. ಆ ದಿನ ಅಲ್ಲಿ ಗೌನು ತೊಟ್ಟವರು, ಅಪ್ಪ ಅಮ್ಮಂದಿರು, ಹೂಗುಚ್ಛ ಮಾರುವವರು, ಪೊಲೀಸರು ಎಲ್ಲ ಸೇರಿ ಹಿನ್ನೆಲೆಯೇ ಉಳಿಯುವುದಿಲ್ಲ. ಸಂಭ್ರಮದ ಗುಂಪು ಚಿತ್ರ ಅಂದೇ ಆಗಲಿ. ಭಾವಚಿತ್ರಕ್ಕೆ ಮಾತ್ರ ಇನ್ನೊಂದು ಬೆಳಗ್ಗೆ, ಆ ವಿದ್ಯಾರ್ಥಿ ನಿಜವಾಗಿ ಕಾಲ ಕಳೆದ ವಿಭಾಗದ ಮೆಟ್ಟಿಲಿಗೆ, ಪ್ರಯೋಗಾಲಯದ ಪಡಸಾಲೆಗೆ, ಹಾಸ್ಟೆಲ್ಲಿನ ಗೇಟಿಗೆ ಹೋಗುವುದು ಒಳಿತು. ಹತ್ತು ವರ್ಷದ ಮೇಲೆ ಆ ಚಿತ್ರವನ್ನು ತೆಗೆದು ನೋಡುವ ಮನಸ್ಸಾಗುವುದು ಅಂಥ ಜಾಗದ ಕಾರಣಕ್ಕೆ.

ಕುವೆಂಪು ಕುಲಪತಿಗಳಾಗಿದ್ದಾಗ ಕಟ್ಟಿ ಹೆಸರಿಟ್ಟ ಮಾನಸಗಂಗೋತ್ರಿ ಆವರಣದ ಗುಣ ಬೇರೆ. ಇಲ್ಲಿನ ಬಹುಪಾಲು ಕಟ್ಟಡಗಳು 1960ರಿಂದ ಈಚಿನವು. ಸರಳ ಗೆರೆಗಳು, ಉದ್ದನೆಯ ಪಡಸಾಲೆಗಳು, ನಡುನಡುವೆ ಅಂಗಳಗಳು. ಅಲಂಕಾರವಿಲ್ಲದ ಗೋಡೆ ಭಾವಚಿತ್ರಕ್ಕೆ ಕೊರತೆಯಲ್ಲ, ಮುಖದ ಜೊತೆ ಪೈಪೋಟಿಗೆ ಇಳಿಯದ ಹಿನ್ನೆಲೆ. ಬಯಲು ರಂಗಮಂದಿರದ ಮೆಟ್ಟಿಲು ಸಾಲುಗಳು ಕುಳಿತ ಭಂಗಿಗೆ, ಗುಂಪು ಚಿತ್ರಕ್ಕೆ ಅನುಕೂಲ. ಎಲ್ಲರ ತಲೆಯೂ ಬೇರೆ ಬೇರೆ ಎತ್ತರದಲ್ಲಿ ಬರುತ್ತದೆ. ಆವರಣದಲ್ಲೇ ಇರುವ ಜಯಲಕ್ಷ್ಮಿ ವಿಲಾಸ ಅರಮನೆ 1905ರ ಕಟ್ಟಡ. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆಯಾದ ಅದರ ಕಂಬಗಳ ಮುಂಭಾಗ ಗಂಭೀರವಾದ ಚಿತ್ರಗಳಿಗೆ ಒಪ್ಪುತ್ತದೆ. ದುರಸ್ತಿಯ ಕಾರಣದಿಂದ ಹತ್ತಿರ ಬಿಡದ ದಿನಗಳಿರುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ ಮಗ್ಗುಲಲ್ಲೇ ಇದೆ. ಸುತ್ತಲೂ ನಡಿಗೆಯ ದಾರಿ ಇರುವುದು ಇದರ ದೊಡ್ಡ ಲಾಭ, ಏಕೆಂದರೆ ಬೆಳಕಿನ ದಿಕ್ಕನ್ನು ಬೇಕಾದಂತೆ ಆರಿಸಿಕೊಳ್ಳಬಹುದು. ಸಂಜೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ಕ್ಯಾಮೆರಾ ಹಿಡಿದರೆ ನೀರಿನ ಹೊಳಪೂ ತಲೆಗೂದಲ ಅಂಚಿನ ಬಂಗಾರದ ಗೆರೆಯೂ ಒಟ್ಟಿಗೆ ಸಿಗುತ್ತವೆ. ಅದೇ ಹೊತ್ತಿನಲ್ಲಿ ಪಶ್ಚಿಮದ ದಡದಿಂದ ಪೂರ್ವಕ್ಕೆ ತಿರುಗಿದರೆ ಕೆರೆಯ ಆಚೆ ದಡವೆಲ್ಲ ಹೊಂಬಣ್ಣ ಹೊತ್ತಿರುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ನೀರಿನ ಮೇಲೆ ಏಳುವ ಮಂಜು ಹಿನ್ನೆಲೆಯ ಕಟ್ಟಡಗಳನ್ನು ಮುಚ್ಚಿ ಚಿತ್ರವನ್ನು ಹಗುರಗೊಳಿಸುತ್ತದೆ. ನೀರಿನ ಮುಂದೆ ನಿಲ್ಲಿಸುವಾಗ ಒಂದು ಎಚ್ಚರ ಬೇಕು. ದಡದ ಗೆರೆ ಕತ್ತಿನ ಮಟ್ಟದಲ್ಲಿ ಹಾದರೆ ತಲೆಯನ್ನು ಕತ್ತರಿಸಿದಂತೆ ಕಾಣುತ್ತದೆ. ಛಾಯಾಗ್ರಾಹಕರು ಸ್ವಲ್ಪ ಬಗ್ಗಿದರೆ ಅಥವಾ ಏರಿ ಮೇಲೆ ನಿಂತರೆ ಆ ಗೆರೆ ಭುಜದ ಕೆಳಗೋ ತಲೆಯ ಮೇಲೋ ಸರಿಯುತ್ತದೆ. ಕೆರೆಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳಿವೆ. ಬೆಳಗ್ಗೆ ಸಂಜೆ ನೂರಾರು ಜನ ನಡೆಯಲು ಬರುತ್ತಾರೆ. ಬಣ್ಣದ ಹೊಗೆ, ಪಟಾಕಿ, ಜೋರು ಹಾಡು ಇವುಗಳಿಗೆ ಇದು ಜಾಗವಲ್ಲ.

ಅರಮನೆಯ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಎಲ್ಲರಿಗೂ ಬೇಕಾದುದು ಅದೇ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರ ಹೊತ್ತಿಗೆ ಈಗಿನದು ಎದ್ದಿತು. ಅದರ ಮುಂಭಾಗ ಪೂರ್ವಕ್ಕೆ ಮುಖ ಮಾಡಿದೆ. ಎಂದರೆ ಕಮಾನುಗಳ ಮೇಲೆ ಚೆಲುವಾದ ಬಿಸಿಲು ಬೀಳುವುದು ಬೆಳಗ್ಗೆ. ಸಂಜೆ ಸೂರ್ಯ ಅರಮನೆಯ ಹಿಂದಕ್ಕೆ ಇಳಿಯುತ್ತಾನೆ, ಮುಂಭಾಗ ನೆರಳಾಗುತ್ತದೆ. ತೊಡಕಿರುವುದು ಇಲ್ಲಿಯೇ. ಸಾರ್ವಜನಿಕರಿಗೆ ಬಾಗಿಲು ತೆರೆಯುವುದು ಬೆಳಗ್ಗೆ ಹತ್ತಕ್ಕೆ. ಅಷ್ಟರಲ್ಲಿ ಸೂರ್ಯ ಸಾಕಷ್ಟು ಮೇಲೇರಿರುತ್ತಾನೆ, ಅಂಗಳದ ಬಿಳಿಚಿದ ನೆಲ ಕಣ್ಣು ಕುಕ್ಕುತ್ತದೆ. ಆದ್ದರಿಂದ ಅರಮನೆಯೊಳಗಿನ ಅಂಗಳದಲ್ಲಿ ಭಾವಚಿತ್ರ ತೆಗೆಯುವವರು ಸಂಜೆ ನಾಲ್ಕರ ನಂತರ ಹೋಗಿ, ಕಟ್ಟಡದ ನೆರಳು ಅಂಗಳಕ್ಕೆ ಚಾಚಿದಾಗ ಆ ನೆರಳಿನಲ್ಲಿ ಪೂರ್ವದ ತೆರೆದ ಆಕಾಶಕ್ಕೆ ಮುಖ ಮಾಡಿಸುವುದು ಸರಿ. ಬೆಳಗಿನ ಹೊಂಬಿಸಿಲೇ ಬೇಕೆಂದರೆ ಹೊರಗಿನಿಂದ, ಪೂರ್ವದ ಜಯಮಾರ್ತಾಂಡ ದ್ವಾರದ ಕಡೆ ಪ್ರಯತ್ನಿಸಬಹುದು. ವಾಹನ ಸಂಚಾರ ಶುರುವಾಗುವ ಮುನ್ನ ಆ ಎತ್ತರದ ಕಮಾನಿಗೆ ಎಳೆಬಿಸಿಲು ನೇರವಾಗಿ ಬೀಳುತ್ತದೆ.

ದೀಪಾಲಂಕಾರದ ಅರಮನೆಯ ಮುಂದೆ ತೆಗೆಯುವ ಚಿತ್ರಕ್ಕೂ ಕಾಲ ನೋಡಬೇಕು. ಭಾನುವಾರ ಮತ್ತು ಸಾರ್ವಜನಿಕ ರಜೆಯ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆ ಏಳಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಮೇ ತಿಂಗಳ ಕೊನೆಯಿಂದ ಜುಲೈವರೆಗೆ ಸೂರ್ಯ ಮುಳುಗುವುದೂ ಏಳರ ಆಸುಪಾಸಿನಲ್ಲೇ. ಆಗ ಬಲ್ಬಿನ ಹಳದಿಯ ಹಿಂದೆ ಆಕಾಶ ಇನ್ನೂ ಗಾಢ ನೀಲಿಯಾಗಿರುತ್ತದೆ, ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ದಸರೆಯ ಹೊತ್ತಿಗೆ ಸೂರ್ಯ ಆರೂ ಕಾಲಿಗೆ ಮೊದಲೇ ಮುಳುಗಿರುವುದರಿಂದ ಏಳಕ್ಕೆ ಆಕಾಶ ಕಪ್ಪಾಗಿಬಿಟ್ಟಿರುತ್ತದೆ; ಜೊತೆಗೆ ಜನಸಾಗರ. ದೀಪಗಳು ಹಿಂದಿರುವುದರಿಂದ ಮುಖಕ್ಕೆ ಬೇರೆಯದೇ ಬೆಳಕು ಬೇಕು. ಫ್ಲ್ಯಾಷ್‌ನ ಬಿಳಿ ಬೆಳಕನ್ನು ಹಾಗೇ ಬಿಟ್ಟರೆ ಮುಖ ನೀಲಿಗಟ್ಟಿ ಹಿನ್ನೆಲೆಯಿಂದ ಕಿತ್ತು ಬಂದಂತೆ ಕಾಣುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಾಳೆ ಹಾಕಿ ಶಕ್ತಿ ತಗ್ಗಿಸಿದರೆ ಎರಡೂ ಹೊಂದಿಕೊಳ್ಳುತ್ತವೆ.

ಎತ್ತರದ ಕಟ್ಟಡಗಳಿಗೆ ಇನ್ನೊಂದು ಲೆಕ್ಕವಿದೆ. 1933ರಲ್ಲಿ ಅಸ್ತಿಭಾರ ಹಾಕಿದ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳ ಎತ್ತರ 175 ಅಡಿ, ಸುಮಾರು 53 ಮೀಟರ್. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗೋಪುರಗಳು ಹಿಂದಕ್ಕೆ ಬಿದ್ದಂತೆ ವಾಲುತ್ತವೆ. ಓರೆ ಮಾಡದೆ, ಫುಲ್ ಫ್ರೇಮ್ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು 35 ಮಿ.ಮೀ. ಲೆನ್ಸಿನಲ್ಲಿ ಇಡೀ ಗೋಪುರ ಹಿಡಿಸಬೇಕೆಂದರೆ ಸುಮಾರು ನೂರು ಮೀಟರ್ ಹಿಂದೆ ಬರಬೇಕು. ಅಷ್ಟು ದೂರ ಬಂದು, ವ್ಯಕ್ತಿಯನ್ನು ಮಾತ್ರ ಕ್ಯಾಮೆರಾದ ಹತ್ತಿರ ನಿಲ್ಲಿಸುವುದು ಒಂದು ದಾರಿ. ಗೋಪುರದ ಆಸೆ ಬಿಟ್ಟು ಬಾಗಿಲ ಚೂಪು ಕಮಾನನ್ನಷ್ಟೇ ಚೌಕಟ್ಟು ಮಾಡಿಕೊಳ್ಳುವುದು ಇನ್ನೊಂದು, ಭಾವಚಿತ್ರಕ್ಕೆ ಅದೇ ವಾಸಿ. ಪ್ರಾರ್ಥನೆ ನಡೆಯುವ ಜಾಗವಾದ್ದರಿಂದ ಒಳಗೆ ಕ್ಯಾಮೆರಾ ತೆಗೆಯುವ ಮಾತಿಲ್ಲ. ದೊಡ್ಡ ಗಡಿಯಾರ, ಕೃಷ್ಣರಾಜ ವೃತ್ತದ ಪ್ರತಿಮೆ ಮಂಟಪ ಇವು ಹಗಲಿಡೀ ವಾಹನಗಳ ನಡುವೆ ಇರುವಂಥವು. ಭಾನುವಾರ ಬೆಳಗ್ಗೆ ಏಳರೊಳಗೆ ಮಾತ್ರ ಅಲ್ಲಿ ಕೆಲಸ ಸಾಧ್ಯ.

ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಬರುವವರು ಕುಂಕುಮದ ರಾಶಿಗೆ ಮನಸೋಲುತ್ತಾರೆ. ಬಣ್ಣ ಅಷ್ಟು ಕಡುವಾಗಿರುವ ಕಡೆ ಬಟ್ಟೆ ಸರಳವಾಗಿರಬೇಕು, ಇಲ್ಲವಾದರೆ ಕಣ್ಣಿಗೆ ನಿಲ್ಲಲು ನೆಲೆ ಸಿಗುವುದಿಲ್ಲ. ಅಂಗಡಿಗಳ ಮೇಲೆ ಕಟ್ಟಿದ ನೀಲಿ ಟಾರ್ಪಾಲಿನ ಕೆಳಗೆ ನಿಂತರೆ ಮುಖವೂ ನೀಲಿಯಾಗುತ್ತದೆ. ಓಣಿಯ ತುದಿಯಲ್ಲಿ, ಹಗಲ ಬೆಳಕು ಒಂದೇ ಕಡೆಯಿಂದ ನುಗ್ಗುವಲ್ಲಿ ನಿಲ್ಲಬೇಕು. ಹೂವಿನ ವ್ಯಾಪಾರ ಬೆಳಗ್ಗೆ ಬೇಗ ಆರಂಭವಾಗುತ್ತದೆ. ವರಮಹಾಲಕ್ಷ್ಮಿ, ಗೌರಿ, ಆಯುಧಪೂಜೆಯ ಹಿಂದಿನ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಂಥ ದಿನ ಫೋಟೋಗೆಂದು ದಾರಿ ಕಟ್ಟುವುದು ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆದಂತೆ. ಕೇಳಿ, ಒಂದು ಮೊಳ ಹೂವು ಕೊಂಡು, ಐದು ನಿಮಿಷದಲ್ಲಿ ಮುಗಿಸಿ ಹೊರಡುವವರಿಗೆ ಯಾರೂ ಬೇಡ ಎನ್ನುವುದಿಲ್ಲ.

ಹೆಸರಿಲ್ಲದ ಜಾಗಗಳಲ್ಲಿ ಮೈಸೂರಿನ ಅತಿ ಒಳ್ಳೆಯ ಭಾವಚಿತ್ರಗಳು ಹುಟ್ಟುತ್ತವೆ. ಅಗ್ರಹಾರ, ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂಗಳಲ್ಲಿ ಉಳಿದಿರುವ ಹಳೆಯ ಮನೆಗಳ ಜಗಲಿ, ಮರದ ಕಂಬ, ಕೆಂಪು ಗಾರೆಯ ಮೆಟ್ಟಿಲು, ಸರಳಿನ ಕಿಟಕಿ ಇವೆಲ್ಲ ಮನುಷ್ಯರ ಅಳತೆಗೆ ತಕ್ಕಂತೆ ಕಟ್ಟಿದವು. ಇಲ್ಲಿ ಕಟ್ಟಡ ಮೇಲೆ ಬಿದ್ದು ಮುಖವನ್ನು ಚಿಕ್ಕದು ಮಾಡುವುದಿಲ್ಲ. ಅಜ್ಜ ಅಜ್ಜಿಯರ ಚಿತ್ರ ತೆಗೆಯುವವರು ದೂರದ ಬೆಟ್ಟಕ್ಕೆ ಕರೆದೊಯ್ದು ದಣಿಸುವ ಬದಲು ಅವರದೇ ಮನೆಯ ಜಗಲಿಯನ್ನು ನೋಡಲಿ. ಪರಿಚಿತ ಜಾಗದಲ್ಲಿ ಕೈ ಎಲ್ಲಿಡಬೇಕೆಂಬ ಗೊಂದಲವೇ ಹುಟ್ಟುವುದಿಲ್ಲ. ಬೇರೆಯವರ ಮನೆಯ ಜಗಲಿಯಾದರೆ ಕರೆಗಂಟೆ ಒತ್ತಿ ಕೇಳುವುದು ಮರ್ಯಾದೆ.

ಊರಿನ ಆಗ್ನೇಯಕ್ಕಿರುವ ಚಾಮುಂಡಿ ಬೆಟ್ಟದಿಂದ ನಗರ ವಾಯವ್ಯಕ್ಕೆ ಹರಡಿ ಕಾಣುತ್ತದೆ. ಸಂಜೆ ಆ ದಿಕ್ಕಿಗೆ ನೋಡುವಾಗ ಸೂರ್ಯ ಎದುರಿಗೋ ಓರೆಯಲ್ಲೋ ಇರುವುದರಿಂದ ಮುಖ ಕಪ್ಪಾಗುತ್ತದೆ. ಫ್ಲ್ಯಾಷ್ ಇಲ್ಲದವರು ನೆರಳುಚಿತ್ರವನ್ನೇ ಗುರಿ ಮಾಡಿಕೊಳ್ಳಬೇಕು. ಮೆಟ್ಟಿಲ ದಾರಿಯ ನಂದಿ ದೊಡ್ಡದೇವರಾಜ ಒಡೆಯರ ಕಾಲದ್ದು, 17ನೆಯ ಶತಮಾನದ ಏಕಶಿಲೆ. ಎಣ್ಣೆ ಹಚ್ಚಿ ಕಪ್ಪಾದ ಅದರ ಮೈ ಬೆಳಕನ್ನು ನುಂಗುತ್ತದೆ, ಆದ್ದರಿಂದ ತಿಳಿಬಣ್ಣದ ಬಟ್ಟೆ ಅದರ ಮುಂದೆ ಎದ್ದು ಕಾಣುತ್ತದೆ. ಪೂಜೆ ನಡೆಯುವ ಜಾಗವೆಂಬುದನ್ನು ನೆನಪಿಟ್ಟು ಅಲ್ಲಿನ ಚಿತ್ರ ಸರಳವಾಗಿರಬೇಕು. ಬೆಟ್ಟದ ಬುಡದ ಲಲಿತಮಹಲ್ 1921ರ ಬಿಳಿಯ ಅರಮನೆ, ಈಗ ಹೋಟೆಲ್. ಬಿಳಿ ಕಟ್ಟಡದ ಮುಂದೆ ಕ್ಯಾಮೆರಾ ತಾನಾಗಿ ಬೆಳಕು ಕಡಿಮೆ ಮಾಡಿ ಮುಖವನ್ನು ಮಂಕಾಗಿಸುತ್ತದೆ, ಆದ್ದರಿಂದ ಮುಖದ ಮೇಲೆ ಬೆಳಕಿನ ಅಳತೆ ತೆಗೆದುಕೊಳ್ಳಬೇಕು. ಮೈಸೂರು ರೇಷ್ಮೆ ಸೀರೆಯ ಕಡುಹಸಿರು, ನೇರಳೆ, ಕೆಂಪು ಅಲ್ಲಿ ಚೆನ್ನಾಗಿ ಕಾಣುತ್ತವೆ. ಆ ಸೀರೆಯ ನುಣುಪು ನೇರ ಬಿಸಿಲಿನಲ್ಲಿ ಬಿಳಿ ಚುಕ್ಕೆಗಳಾಗಿ ಸಿಡಿಯುತ್ತದೆ, ನೆರಳಿನಲ್ಲಿ ಮಾತ್ರ ಅದರ ಮಡಿಕೆಗಳು ನಿಜವಾಗಿ ತೋರುತ್ತವೆ.

ಋತುಗಳಲ್ಲಿ ಮಳೆಗಾಲಕ್ಕೆ ಸಲ್ಲಬೇಕಾದ ಮನ್ನಣೆ ಸಿಕ್ಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿದ ಆಕಾಶ ಇಡೀ ಊರನ್ನೇ ಸ್ಟುಡಿಯೋ ಮಾಡುತ್ತದೆ. ನಡುಹಗಲಲ್ಲೂ ಮುಖದ ಮೇಲೆ ಗಡುಸು ನೆರಳಿಲ್ಲ, ಒದ್ದೆ ಕಲ್ಲಿನ ಬಣ್ಣ ಗಾಢವಾಗುತ್ತದೆ. ಮಳೆ ತೊಳೆದ ಅಕ್ಟೋಬರ್, ನವೆಂಬರ್‌ಗಳ ಗಾಳಿ ತಿಳಿಯಾಗಿರುವುದರಿಂದ ದೂರದ ಬೆಟ್ಟವೂ ಸ್ಪಷ್ಟ. ಚಳಿಗಾಲದ ಕೊನೆಗೆ ರಸ್ತೆಬದಿಯ ಟಬೆಬುಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಏಪ್ರಿಲ್‌ನಿಂದ ಗುಲ್‌ಮೊಹರ್ ಕೆಂಪಾಗುತ್ತದೆ. ಹೂವಿನ ಮರಕ್ಕೆ ಒರಗಿ ನಿಲ್ಲುವುದಕ್ಕಿಂತ ಅದನ್ನು ಹಿಂದೆ ದೂರದಲ್ಲಿಟ್ಟು ಬಣ್ಣದ ಮಬ್ಬಾಗಿ ಬಳಸಿದರೆ ಫಲ ಹೆಚ್ಚು.

ಜಾಗ ಗೊತ್ತುಮಾಡುವ ಮುನ್ನ ಒಮ್ಮೆ ಹೋಗಿ ನೋಡಿ ಬರಬೇಕು, ಅದೂ ಚಿತ್ರ ತೆಗೆಯಬೇಕೆಂದಿರುವ ಹೊತ್ತಿಗೇ. ಫೋನಿನ ದಿಕ್ಸೂಚಿಯಲ್ಲಿ ಪೂರ್ವ ಪಶ್ಚಿಮ ಗುರುತಿಸಿಕೊಂಡು, ಜೊತೆಯಲ್ಲಿ ಬಂದವರನ್ನು ನಿಲ್ಲಿಸಿ ಸುತ್ತಲೂ ಒಂದು ಸುತ್ತು ತಿರುಗಿಸಿದರೆ ಮುಖದ ಬೆಳಕು ಯಾವ ದಿಕ್ಕಿನಲ್ಲಿ ಹಿತವೆಂದು ತಿಳಿಯುತ್ತದೆ. ತಲೆಯ ಹಿಂದಿನ ವಿದ್ಯುತ್ ಕಂಬ, ಕೇಬಲ್ಲು, ಫ್ಲೆಕ್ಸು, ನಿಲ್ಲಿಸಿದ ಸ್ಕೂಟರ್‌ಗಳನ್ನು ಆಗಲೇ ಗಮನಿಸಿ ಕೋನ ಬದಲಿಸಿಕೊಳ್ಳಬೇಕು. ಬಟ್ಟೆ ಬದಲಿಸಲು ಮರೆ, ಶೌಚಾಲಯ, ಕುಡಿಯುವ ನೀರು, ಕೂರಲು ನೆರಳು ಇವೆಯೇ ಎಂಬುದನ್ನೂ ನೋಡಬೇಕು. ಭಾರದ ಸೀರೆ ಉಟ್ಟು ಬಿಸಿಲಲ್ಲಿ ಕಾದವರ ಮುಖದಲ್ಲಿ ನಗು ಉಳಿಯುವುದಿಲ್ಲ.

ಅನುಮತಿಯ ವಿಷಯದಲ್ಲಿ ಒಂದು ಸಾಮಾನ್ಯ ತಿಳಿವಳಿಕೆ ಸಾಕು. ಕೈಯಲ್ಲಿ ಹಿಡಿದ ಕ್ಯಾಮೆರಾ, ಫೋನಿಗೆ ತೊಂದರೆ ಕಡಿಮೆ. ಟ್ರೈಪಾಡ್, ಲೈಟು, ಸಹಾಯಕರ ತಂಡ ಬಂದಕೂಡಲೇ ಅದು ವಾಣಿಜ್ಯ ಚಿತ್ರೀಕರಣ ಎನಿಸಿಕೊಳ್ಳುತ್ತದೆ. ಅರಮನೆಗೆ ಅರಮನೆ ಮಂಡಳಿ, ಕಾಲೇಜು ಮತ್ತು ಮಾನಸಗಂಗೋತ್ರಿಗೆ ವಿಶ್ವವಿದ್ಯಾನಿಲಯ, ಶ್ರೀರಂಗಪಟ್ಟಣದ ದರಿಯಾ ದೌಲತ್ ಮತ್ತು ಸೋಮನಾಥಪುರದ ಕೇಶವ ದೇವಾಲಯಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಹೀಗೆ ಆಯಾ ಕಚೇರಿಯಲ್ಲಿ ಮೊದಲೇ ಕೇಳಿ ಬರಹದಲ್ಲಿ ಪಡೆಯಬೇಕು. ಪರೀಕ್ಷೆಯ ದಿನಗಳಲ್ಲಿ ಕಾಲೇಜುಗಳ ಹತ್ತಿರ ಹೋಗದಿರುವುದು ವಿವೇಕ. ಕಾರಂಜಿ ಕೆರೆಗೆ ಟಿಕೆಟ್ಟೂ ನಿಗದಿತ ಸಮಯವೂ ಇವೆ. ರೈಲು ಹಳಿಯ ಮೇಲೆ ನಿಂತು ತೆಗೆಸಿಕೊಳ್ಳುವುದು ರೈಲ್ವೆ ಕಾಯ್ದೆಯಡಿ ಅಪರಾಧ. ಹಳೆಯ ಬೋಗಿ, ಇಂಜಿನ್‌ಗಳ ಹಿನ್ನೆಲೆ ಬೇಕಾದವರಿಗೆ 1979ರಿಂದ ಊರಿನಲ್ಲೇ ರೈಲ್ವೆ ವಸ್ತುಸಂಗ್ರಹಾಲಯವಿದೆ.

ಊರಿನಿಂದ ಹೊರಗೆ ಹೋಗುವವರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಕಾವೇರಿ. ಬಲಮುರಿ, ಎಡಮುರಿ, ತಲಕಾಡಿನ ದಡಗಳು ಚೆಲುವಾದವು, ಅಷ್ಟೇ ಅಪಾಯದವು. ಮರಳಿನ ಕೆಳಗೆ ಗುಂಡಿಗಳಿರುತ್ತವೆ, ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹರಿವು ಏರುತ್ತದೆ. 2020ರ ನವೆಂಬರ್‌ನಲ್ಲಿ ಮದುವೆಗೆ ಕೆಲವೇ ದಿನ ಇದ್ದ ಮೈಸೂರಿನ ಒಂದು ಜೋಡಿ ತಲಕಾಡು ಬಳಿ ತೆಪ್ಪದಲ್ಲಿ ಫೋಟೋ ತೆಗೆಸಿಕೊಳ್ಳುವಾಗ ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡಿತು. ನದಿಯ ಚಿತ್ರ ದಡದಲ್ಲಿ ನಿಂತೇ ತೆಗೆಯಬಹುದು. ಲೈಫ್ ಜಾಕೆಟ್ ಇಲ್ಲದೆ ತೆಪ್ಪ ಹತ್ತಿಸುವ, ಸೀರೆ ಉಟ್ಟವರನ್ನು ನೀರಿಗಿಳಿಸುವ ಕೆಲಸವನ್ನು ಯಾವ ಛಾಯಾಗ್ರಾಹಕರೂ ಒಪ್ಪಿಕೊಳ್ಳಬಾರದು, ಯಾವ ಮನೆಯವರೂ ಕೇಳಬಾರದು.